ಬೂದುಬಣ್ಣದ ಪರದೆ

...ನಗಬೇಡ ಅಣ್ಣ, ಇನ್ನೂ ಕೇಳು! ನಮ್ಮ ಮ್ಯಾನೇಜರ್ ಸಾಹೇಬ್ರು ಕನ್ನಡಕ ಹಣೆಗೇರಿಸಿಕೊಂಡು, ನಿಮ್ಮ ಕಂಟ್ರೋಲ್ ರೂಮಿನ ಕಂಪ್ಯೂಟರಿಗೆ ನಾನು ಮಾಡಿದ ಪರದೆ ನೋಡಿ ಏನಂದ್ರು ಗೊತ್ತಾ? "ಏನಮ್ಮಾ ಇದು, ಬೂದಿ ಬಳಿದ ಹಾಗಿದೆ?" ಬೂದಿಯಂತೆ! ಬೇಕಂತಲೇ ಬೂದುಬಣ್ಣ ಹಾಕಿದ್ದು ಸ್ವಾಮಿ! ಬಾಯ್ಲರ್ ಸರಿಯಾಗಿ ನಡೀತಿದ್ರೆ ಎಲ್ಲಾ ಬೂದು. ಒತ್ತಡ ಏರಿದ್ರೆ ಅಲ್ಲಿ, ಅದೊಂದೇ ಕಡೆ, ಕೆಂಪು. ಶಿಫ್ಟೆಲ್ಲಾ ಕೂತು ಕಣ್ಣು ಮಂಜಾದ ಆಪರೇಟರಿಗೂ, ನಿನಗೂ, ತಟ್ಟನೆ ಕಾಣಬೇಕು... ಅಷ್ಟೇ ತಾನೇ ನನ್ನ ಕೆಲಸ? ಅಷ್ಟೂ ತಲೆಗೆ ಹೋಗಲ್ಲ ಆ ಮನುಷ್ಯನಿಗೆ!

ಏನು? ಅವರೂ ಎಂಜಿನಿಯರೇ ಅಂತೀಯಾ? ಥೂ, ಬಿಡು! ಕಂಟ್ರೋಲ್ ರೂಮಿಗೆ ಅವರು ಕಾಲಿಡೋದೇ ಯಾರಾದ್ರೂ ದೊಡ್ಡವರು ನೋಡೋಕೆ ಬಂದಾಗ. ನಿಮ್ಮ ಕುರ್ಚಿ ಹಿಂದೆ ನಿಂತು "ಇದೇ ನಮ್ಮ ಮೆದುಳು" ಅಂತ ಪರದೆ ಕಡೆ ಕೈ ತೋರಿಸ್ತಾರೆ. ಸದ್ಯ, ಎಲ್ಲೋ ಒಂದು ಕಡೆ ಇದೆಯಲ್ಲ! ...ಅವರಿಗೆ ಬೇಕಾಗಿದ್ದು ಆಟಿಕೆ ಅಂಗಡಿ. ತಿರುಗೋ ಫ್ಯಾನು, ಹೊಳೆಯೋ ಟ್ಯಾಂಕು, ಧಗಧಗ ಉರಿಯೋ ಬೆಂಕಿ ಚಿತ್ರ. ಮೇಲಿಂದ ಎಲ್ಲೆಲ್ಲೂ ಕಂಪನಿಯ ಬಣ್ಣ. ಯಾವುದದು ಹೇಳು? ...ಹ್ಞಾಂ, ಕೆಂಪು! ಪೈಪು ಕೆಂಪು, ಪಂಪು ಕೆಂಪು, ಅಂಚೂ ಕೆಂಪು! ಹಾಗಾದ್ರೆ ಅಪಾಯಕ್ಕೆ ಯಾವ ಬಣ್ಣ ಸಾರ್ ಅಂದೆ. "ಅದಕ್ಕೆ ಇನ್ನೂ ಸ್ವಲ್ಪ ಗಾಢ ಕೆಂಪು ಹಾಕಿಬಿಡಮ್ಮ." ಬಟ್ಟೆ ಅಂಗಡೀಲಿ ಕೂತಿದ್ದೀವಾ? ಸುತ್ತ ಕೂತವರೆಲ್ಲ ತಲೆ ಆಡಿಸಿದ್ದೇ ಆಡಿಸಿದ್ದು. ಬೆನ್ನುಮೂಳೆ ಇಲ್ಲದವರು!

ನಾನಾ? ಮುಖಕ್ಕೆ ಹೊಡೆದ ಹಾಗೆ ಹೇಳಿದೆ! ...ಹೇಳದೆ ಬಿಡ್ತೀನಾ? ಚಿಕ್ಕಂದಿನಿಂದ ನೋಡಿಲ್ವಾ ನನ್ನ ಬಾಯಿ? ...ಟೀ ಆರ್ತಿದೆ, ಕುಡಿ.

ಆಮೇಲೇನು? ಆಮೇಲೆ... ಮೀಟಿಂಗು ಮುಗೀತು. ನನ್ನನ್ನ ವಿಭಾಗದ ಮುಖ್ಯಸ್ಥೆ ಮಾಡಿದ್ರು. ಅದು ಬೇರೆ ವಿಷಯ. ...ಬೇರೆ ವಿಷಯಾನೇ! ಹುಬ್ಬೇರಿಸಬೇಡ. ಇಷ್ಟು ವರ್ಷ ಆ ದಡ್ಡರ ಕೈಕೆಳಗೆ ದುಡಿದಿಲ್ವಾ ನಾನು?

ಲೋಟ ಯಾಕೆ ಕೆಳಗಿಟ್ಟೆ? ...ಅಣ್ಣ? ಬೈಯೋದಾದ್ರೆ ಬೈ. ಅಮ್ಮನ ಥರ ನೋಡಬೇಡ!

ಹೂಂ. ಒಪ್ಕೊಂಡೆ. ಆ ಕೆಂಪನ್ನೆಲ್ಲ ನಾನೇ ಕೂತು ಬಳಿದೆ, ಸಾಕಾ? ನಾನಲ್ಲದಿದ್ರೆ ಇನ್ನೊಬ್ಬರು ಬಳೀತಿದ್ರು... ಎಲ್ಲಿಗೆದ್ದೆ? ಶೂ ಯಾಕೆ ಹಾಕ್ಕೋತೀಯ? ಇರು... ಇವತ್ತು ಡ್ಯೂಟಿಗೆ ಹೋಗಬೇಡ. ಬೆಳಿಗ್ಗೆ ಹಳೇ ಪರದೆ ತೆಗೆದು ಆ ಕೆಂಪು ಪರದೇನೇ ಹಾಕಿದ್ದಾರೆ ನಿಮ್ಮ ಕಂಟ್ರೋಲ್ ರೂಮಲ್ಲಿ. ಜ್ವರ ಅಂತ ನಾನೇ ಫೋನ್ ಮಾಡ್ತೀನಿ. ದಮ್ಮಯ್ಯ ಅಣ್ಣ, ಬೇಡ!

ಏನು? ನಿನ್ನ ಬದಲು ಯಾರು ಕೂರ್ತಾರೆ ಅಂತಾನಾ? ನಂಗೇನು ಗೊತ್ತು! ಯಾರೋ ಒಬ್ಬ ಕೂರ್ತಾನೆ ಬಿಡು...

ಬಾಗಿಲು ಯಾಕೆ ತೆಗೆದೆ? ...ಅಣ್ಣಾ?