ಜೀಪಿನ ತಗಡಿನ ಬಾಗಿಲು

ಕುಂದಾಪುರದ ಆಸ್ಪತ್ರೆಯ ಎದುರು ಚಹಾಕ್ಕೆ ನಿಂತಿದ್ದೆ. ಪಕ್ಕದಲ್ಲಿದ್ದ ಹೆಂಗಸು, ಪಕ್ಕದ ವೆಲ್ಡಿಂಗ್ ಅಂಗಡಿಯಿಂದ ಹೊರಬಂದ ಒಬ್ಬರನ್ನು ಕರೆದರು.

"ಹ್ವಾಯ್ ಚಂದಣ್ಣ! ಗುಡ್ಡೆ ಹತ್ತೂ ನಮ್ ಜೀಪಿಗೆ ತಗಡಿನ ಬಾಗ್ಲ್ ಮಾಡಿ ಕೊಟ್ರಿ ಅಲ್ದಾ?"

"ಹೌದ್ ಕುಸುಮಕ್ಕ. ಎಂತ, ಸಡ್ಲ ಆಯ್ತಾ?"

"ಇಲ್ಲ ಮಾರಾಯ್ರೆ. ನಿನ್ನೆ ಮಗಳಿಗೆ ಹೆರಿಗೆ ನೋವ್ ಸುರು ಆಯ್ತ್. ಅಮಾಸೆಬೈಲಿಂದ ಆ ಜೀಪಲ್ಲೇ ಕರ್ಕಂಡ್ ಬಂದ್ವಿ. ದಾರಿ ಉದ್ದಕೂ ಬಾಗ್ಲಿನ ಅಂಚ್ ಗಟ್ಟಿ ಹಿಡ್ಕಂಡಿದ್ಲ್. ಕೈಗೆ ಒಂಚೂರೂ ಗಾಯ ಆಯ್ಲಿಲ್ಲ."

"ಅಂಚ್ ಒಳಗೆ ಮಡ್ಚಿ ಬಡ್ದಿದ್ದೆ. ಇಲ್ದಿರೆ ತಗಡ್ ಕೈ ಕೊಯ್ತ್."

"ನಾವ್ ಹೇಳದಿರೂ ಮಾಡಿದ್ರಿ. ನಿಮ್ ಉಪ್ಕಾರ ಮರೂದಿಲ್ಲ."

"ಮಗು ಹ್ಯಾಂಗಿತ್ತ್?"

"ಹೆಣ್ಣ್. ತಾಯಿ, ಮಗು ಇಬ್ರೂ ಲಾಯ್ಕ್ ಇದ್ರ್. ಬನ್ನಿ, ಎತ್ಕಣಿ."

"ಕೈಯೆಲ್ಲ ಮಸಿ, ಮಾರಾಯ್ತಿ."

"ತೊಳ್ಕಂಡ್ರೆ ಆಯ್ತ್."

ಚಂದಣ್ಣ ಅಂಗಡಿಯ ನಳದಲ್ಲಿ ಎರಡೆರಡು ಸಲ ಸೋಪು ಹಾಕಿ ಕೈ ತೊಳೆದರು. ಆಮೇಲೆ ಇಬ್ಬರೂ ರಸ್ತೆ ದಾಟಿ ಆಸ್ಪತ್ರೆಯೊಳಗೆ ಹೋದರು.