ಗುಲಾಬಿ ನಿಲುವಂಗಿ

ಕರೆಂಟ್ ಬಿಲ್ ಕಟ್ಟುವ ಸಾಲಿನಲ್ಲಿ ನನ್ನ ಮುಂದೆ ಬಟ್ಟೆ ಅಂಗಡಿಯ ಒಡತಿಯೊಬ್ಬರು ನಿಂತಿದ್ದರು. ಪಾದ್ರಿಗಳು ನಡೆಸುವ ಬಿಸಿನೆಸ್ ಕಾಲೇಜಿನಲ್ಲಿ ಓದುವ ಮಗಳು ಪಕ್ಕದಲ್ಲಿದ್ದಳು. ಮಾತು ತೆಗೆದದ್ದು ಅವಳೇ.

“ಅಮ್ಮ, ನಿನ್ನೆ ಫಾದರ್ ಕ್ಲಾಸಿಗೆ ಬಂದಾಗ ಅವರ ಬಿಳಿ ನಿಲುವಂಗಿ ಪೂರ್ತಿ ಗುಲಾಬಿ ಆಗಿತ್ತು.”

“ಅಯ್ಯೋ! ನಮ್ಮ ಅಂಗಡೀಲಿ ತಗೊಂಡ ಕೆಂಪು ಪರದೆ ಜೊತೆ ಒಗೆದ್ರಾ?”

“ಬಣ್ಣ ಬಿಡಲ್ಲ ಅಂತ ಆಣೆ ಮಾಡಿ ಕೊಟ್ಟೋಳು ನೀನೇ ಅಲ್ವಾ?”

“ವ್ಯಾಪಾರ ಅಂದ್ಮೇಲೆ ಒಂದು ಮಾತು ಹಂಗೆ ಬರುತ್ತೆ ಕಣೆ. ಬೈದ್ರಾ?”

“ಇಲ್ಲ, ಅದನ್ನೇ ಪಾಠ ಮಾಡಿದ್ರು. ಲಾಭ ಮಾಡೋದು ಪಾಪ ಅಲ್ಲ, ಸುಳ್ಳು ಹೇಳಿ ಮಾಡೋದು ಪಾಪ, ಗಿರಾಕಿನೂ ದೇವರ ಮಗುನೇ ಅಂದ್ರು.”

“ಅಂಗಡಿ ಹೆಸರು ಹೇಳಿದ್ರಾ?”

“ಹೇಳ್ಲಿಲ್ಲ. ನನ್ನ ಮುಖ ಮಾತ್ರ ನೋಡಿದ್ರು.”

“ದೇವರಂಥ ಮನುಷ್ಯ. ಕ್ಷಮಿಸೋದನ್ನೂ ಪಾಠ ಮಾಡ್ತಾರೆ ತಾನೇ?”

“ಅದು ಮುಂದಿನ ಸೆಮಿಸ್ಟರ್.”

“ಹಂಗಾದ್ರೆ ಒಂದು ಹೊಸ ನಿಲುವಂಗಿ ಪುಕ್ಕಟೆ ಹೊಲಿಸಿಕೊಟ್ಟುಬಿಡ್ತೀನಿ.”

“ನನ್ನ ಮಾರ್ಕ್ಸ್ ಅವರ ಕೈಲಿದೆ, ಲಂಚ ಅಂತಾರೆ. ಸುಮ್ನೆ ಹೋಗಿ ತಪ್ಪಾಯ್ತು ಅಂತ ಹೇಳು.”

“ಒಬ್ಬರಿಗಾದ್ರೆ ಹೇಳ್ತಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳೂ ಅದೇ ಪರದೆ ತಗೊಂಡು ಹೋಗಿದ್ದಾರೆ.”

“ಅಮ್ಮ! ಅವರು ಶನಿವಾರ ಎಲ್ಲಾ ಬಟ್ಟೇನೂ ಒಟ್ಟಿಗೆ ಮೆಷಿನ್ನಿಗೆ ಹಾಕ್ತಾರೆ!”

“ಇವತ್ತು ಯಾವ ವಾರ?”

“ಶನಿವಾರ.”

ತಾಯಿ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು, ಸಾಲು ಬಿಟ್ಟು, ಬಾಗಿಲ ಕಡೆ ಓಡತೊಡಗಿದರು.

“ಅಮ್ಮ, ಬಿಲ್ಲು? ಇವತ್ತೇ ಕೊನೇ ದಿನ!”

“ಕರೆಂಟ್ ಹೋದ್ರೆ ಹೋಗ್ಲಿ, ನೀನು ಬಾ!”