ಹೊಸ ಸ್ಕ್ಯಾನಿನ ಐದು ನಿಮಿಷ

ನಮ್ಮ ಪಕ್ಕದ ಮನೆಯ ಮಾಳಿಂಗನಿಗೆ ಆದದ್ದು ಇದು. ಮೋರಟಗಿಯಲ್ಲಿ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ.

ಸಿಂದಗಿಯಿಂದ ಕೊನೆಯ ಬಸ್ಸಿಗೆ ಬಂದ. ಇಳಿದು ಹೊಲದ ದಾರಿ ಹಿಡಿದ. ದಾರಿಯಲ್ಲಿ ಅವರದೇ ಹಳೆಯ ಬಾವಿ. ಅದನ್ನು ದಾಟುವಾಗ ಸಪ್ಪಳ ಬಂತು. ಕಿರ್... ಕಿರ್... ಆಮೇಲೆ ಟಕಟಕಟಕ, ನಿಲ್ಲದೆ, ಹೊಲಿಗೆ ಮಷಿನ್ ಓಡಿದ ಹಾಗೆ.

ಪಂಪ್‌ಸೆಟ್ ಅನ್ನೋಣವೆಂದರೆ ಕರೆಂಟ್ ಇರಲಿಲ್ಲ.

ಮಾಳಿಂಗ ನಿಂತುಬಿಟ್ಟ. ಈ ಸಪ್ಪಳ ಅವನು ಒಂದೇ ಸಲ ಕೇಳಿದ್ದ. ಆಸ್ಪತ್ರೆಯಲ್ಲಿ, ಬಾಗಿಲ ಹೊರಗೆ ನಿಂತು.

ಅವನ ತಮ್ಮ ರಾವಸಾಬನ ತಲೆಯಲ್ಲಿ ಗಡ್ಡೆ ಇತ್ತು. ಎಡಗಾಲು ಎಳೆದು ನಡೆಯುತ್ತಿದ್ದ. ದೊಡ್ಡ ಆಸ್ಪತ್ರೆಯೊಂದರಲ್ಲಿ ಬೇಗ ಮುಗಿಯುವ ಹೊಸ ಸ್ಕ್ಯಾನನ್ನು ಪರೀಕ್ಷೆಗೆ ಇಟ್ಟಿದ್ದರು. ಇಂಥ ಗಡ್ಡೆ ಇದ್ದವರನ್ನೇ ಕರೆದಿದ್ದರು. ಮೊದಲು ಹಳೆಯದು, ನಲವತ್ತು ನಿಮಿಷ. ಅದರ ಬೆನ್ನಿಗೇ ಹೊಸದು, ಐದು ನಿಮಿಷ. ಎರಡರ ಚಿತ್ರಗಳನ್ನೂ ತಾಳೆ ನೋಡುವುದು.

ರಾವಸಾಬನಿಗೆ ಸ್ಕ್ಯಾನ್ ಮಷಿನಿನ ಆ ಕೊಳವೆಯೆಂದರೆ ಜೀವಭಯ. ಒಳಗೆ ಹೋದರೆ ಯಾರೂ ಕಾಣರು, ಮಾತು ಕೇಳದು. ಹೊರಗೆ ಉಳಿಯುವುದು ಕಾಲು ಮಾತ್ರ. ಅಂಜಿಕೆಯಿದ್ದರೆ ಮನೆಯವರೊಬ್ಬರು ಕಾಲು ಹಿಡಿದು ನಿಲ್ಲಬಹುದು ಎಂದರು.

"ಅಣ್ಣಾ, ನೀ ಬಿಟ್ಟಿ ಅಂದ್ರ ನಾ ಒಳಗ ಸತ್ತೆ ನೋಡು."

"ಹುಚ್ಚಪ್ಯಾಲಿ, ನಾ ಎಲ್ಲಿ ಹೋಗ್ತೇನಿ? ನಿನ್ನ ಕಾಲಿನ ನಾತ ತಗೊಂಡು ಇಲ್ಲೇ ನಿಂದರ್ತೇನಿ."

ನಲವತ್ತು ನಿಮಿಷ ಹಿಡಿದ. ಹೊಸದು ಶುರುವಾಗುವ ಹೊತ್ತಿಗೆ ಬಿಟ್ಟ. ಐದೇ ನಿಮಿಷ, ಏನಾದೀತು ಎಂದು. ಹೊಸದರ ಟಕಟಕ ಕೇಳುತ್ತ ಬಾಗಿಲ ಹೊರಗೆ ನಿಂತು ಚಹಾ ಕುಡಿದ. ಒಳಗೆ ಬೇರೆ ಯಾರೂ ಇರಲಿಲ್ಲ. ಮಷಿನ್ ನಡೆಸುವಾಕೆ ಗಾಜಿನ ಆಚೆ ಕೂತಿದ್ದಳು.

ಹೊರಗೆ ಬಂದ ರಾವಸಾಬ ಅಣ್ಣನ ಕೈ ಕಣ್ಣಿಗೆ ಒತ್ತಿಕೊಂಡ.

"ಕಡೀಕ ಎಷ್ಟ್ ಗಟ್ಟಿ ಹಿಡಿದಿದ್ದಿಪಾ ಅಣ್ಣಾ! ಅದಕ್ಕ ನಾ ಅಲ್ಲಾಡಲಿಲ್ಲ."

ಮಾಳಿಂಗ "ಹ್ಞೂಂ" ಎಂದ. ಅಷ್ಟೇ.

ಎಂಟು ತಿಂಗಳಿಗೆ ರಾವಸಾಬ ತೀರಿಕೊಂಡ. ಅಲ್ಲಿಯವರೆಗೂ ಊರಿಗೆಲ್ಲ ಹೇಳಿದ, ಅಣ್ಣ ಅಂದ್ರ ನಮ್ಮ ಅಣ್ಣ ಎಂದು. ಮಾಳಿಂಗ ಸುಮ್ಮನೆ ಹೊಗಳಿಸಿಕೊಂಡ.

ಆ ರಾತ್ರಿ ಬಾವಿಯ ಹತ್ತಿರ ಸಪ್ಪಳ ನಿಂತಿತು. ಕಟ್ಟೆಯ ಆಚೆಯಿಂದ ಪಿಸುಮಾತು.

"ಅಣ್ಣಾ... ಆವತ್ತ ಕಡೀಕ ಹಿಡಿದಾಂವ ನೀನ ಹೌದಿಲ್ಲೋ?"



"...ಅಲ್ಲೋ ತಮ್ಮಾ."

"ಎಲ್ಲಿದ್ದಿ?"

"ಚಾ ಕುಡ್ಯಾಕ ಹೋಗಿದ್ದೆ."



"ಹಂಗಾರ ಹಿಡಿದಾಂವ ತಾನ ಅಂತ ಇಂವ ಹೇಳಿದ್ದು ಖರೇನ ಐತಿ."

ಆಮೇಲೆ ಹೆಜ್ಜೆ ಸಪ್ಪಳ. ಸರ್... ದಪ್. ಸರ್... ದಪ್. ಕಾಲು ಎಳೆಯುವ ನಡಿಗೆ. ಅದರ ಪಕ್ಕದಲ್ಲೇ ಇನ್ನೊಬ್ಬರ ಹೆಜ್ಜೆ. ಸಾವಕಾಶ, ಜೊತೆ ಕೊಟ್ಟು ನಡೆಯುವಂಥದ್ದು.

"ರಾವಸಾಬಾ, ನಿಂದರೋ!" ಎಂದು ಮಾಳಿಂಗ ಹಿಂದೆ ಓಡಿದ. ಅವರು ನಿಲ್ಲಲಿಲ್ಲ.

ಬೆಳಿಗ್ಗೆ ನನ್ನನ್ನು ಕರೆದೊಯ್ದು ತೋರಿಸಿದ. ಹಿಂದಿನ ದಿನ ಕಾಲುವೆ ನೀರು ಹಾಯಿಸಿದ್ದರು. ಕರಿಮಣ್ಣು ಹಸಿ ಇತ್ತು. ಬರಿಗಾಲಿನ ಗುರುತು ಎರಡು ಜೋಡಿ, ಪಕ್ಕಪಕ್ಕ. ಹಿಂದೆ ಮಾಳಿಂಗನ ಚಪ್ಪಲಿ ಗುರುತು. ಅದು ಬದುವಿನ ಹತ್ತಿರ ನಿಂತಿತ್ತು. ಬರಿಗಾಲಿನವು ಕಬ್ಬಿನ ಒಳಗೆ ಹೋಗಿದ್ದವು. ನಾನು ಕಬ್ಬಿನ ಸುತ್ತ ಎರಡು ಸಲ ತಿರುಗಿದೆ. ಹೊರಬಿದ್ದ ಗುರುತು ಎಲ್ಲೂ ಇರಲಿಲ್ಲ.

ನಂಬದಿದ್ದರೆ ಬಿಡಿ. ನಾನು ನೋಡಿದ್ದೇನೆ.